ಎಸೆತಗಾರನ ಬೆಲೆ: 1996ರ ಬೆಂಗಳೂರು ಪಂದ್ಯ

ಚಿಕ್ಕಲಸಂದ್ರದ ಬೀದಿಯಲ್ಲಿ ಟೆನಿಸ್ ಚೆಂಡಿನಿಂದ ಆಡುವ ಹುಡುಗರೂ ಪಂದ್ಯ ಮುಗಿದ ಮೇಲೆ ಒಂದು ಜಗಳ ಆಡುತ್ತಾರೆ: ಯಾರ ಬೌಲಿಂಗ್ ಚೆನ್ನಾಗಿತ್ತು? ಹೆಚ್ಚು ವಿಕೆಟ್ ಪಡೆದವನದೇ, ಕಡಿಮೆ ರನ್ ಕೊಟ್ಟವನದೇ? ಸೋತರೆ ಮನೆಗೆ ಹೋಗಬೇಕಾದ ಪಂದ್ಯದಲ್ಲಿ ಈ ಪ್ರಶ್ನೆ ಇನ್ನೂ ಕಠಿಣ. ಅದಕ್ಕೆ ನಮ್ಮ ಊರಿನದೇ ಒಂದು ಪಂದ್ಯವನ್ನು ತೆಗೆದುಕೊಳ್ಳೋಣ.

1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ನಡೆಯಿತು. ಎದುರಾಳಿ ಪಾಕಿಸ್ತಾನ. ಭಾರತ 8 ವಿಕೆಟ್ಟಿಗೆ 287 ರನ್ ಮಾಡಿತು. ಸಿಧು 93 ಹೊಡೆದರು. ಪಾಕಿಸ್ತಾನದ ಪರವಾಗಿ ಬೌಲಿಂಗ್ ಆರಂಭಿಸಿದ ವಕಾರ್ ಯೂನಿಸ್ ಲೆಕ್ಕ ನೋಡಿ: 10 ಓವರ್, 67 ರನ್, 2 ವಿಕೆಟ್. ಸಾಧಾರಣಕ್ಕಿಂತ ಕೆಳಗೆ ಎನ್ನುತ್ತೀರಿ. ಆದರೆ ಮೊದಲ 8 ಓವರುಗಳಲ್ಲಿ ಅವರು ಕೊಟ್ಟದ್ದು ಬರೀ 27! ಕೊನೆಯ 2 ಓವರುಗಳಲ್ಲಿ 40 ರನ್ ಸೋರಿದವು. ಅಜಯ್ ಜಡೇಜ 25 ಎಸೆತಗಳಲ್ಲಿ 45 ಹೊಡೆದದ್ದು ಆಗಲೇ. ಭಾರತ ಗೆದ್ದದ್ದು 39 ರನ್ನುಗಳಿಂದ. ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸರಾಸರಿ ಎಂಬುದು ಎಷ್ಟನ್ನು ಮುಚ್ಚಿಡುತ್ತದೆ!

ಇನ್ನು ನಮ್ಮವರು. ಆರಂಭಿಸಿದವರು ಮೈಸೂರಿನ ಜಾವಗಲ್ ಶ್ರೀನಾಥ್ ಮತ್ತು ಬೆಂಗಳೂರಿನ ವೆಂಕಟೇಶ್ ಪ್ರಸಾದ್. ಆ ವಿಶ್ವಕಪ್ಪಿನಲ್ಲಿ ಮೊದಲ 15 ಓವರುಗಳ ತನಕ ವೃತ್ತದ ಹೊರಗೆ ಇಬ್ಬರೇ ಕ್ಷೇತ್ರರಕ್ಷಕರಿಗೆ ಅವಕಾಶ. ಸಯೀದ್ ಅನ್ವರ್ ಮತ್ತು ಆಮಿರ್ ಸೊಹೈಲ್ ಅದನ್ನು ಚೆನ್ನಾಗಿ ಬಳಸಿಕೊಂಡರು; ಮೊದಲ ವಿಕೆಟ್ಟಿಗೆ 84. ಅನ್ವರ್ ಅವರನ್ನು ಕಳಿಸಿದವರು ಶ್ರೀನಾಥ್, ಕ್ಯಾಚ್ ಹಿಡಿದವರು ಕುಂಬ್ಳೆ. 15ನೇ ಓವರಿನಲ್ಲಿ ಸೊಹೈಲ್ ಪ್ರಸಾದರ ಎಸೆತವನ್ನು ಬೌಂಡರಿಗೆ ಅಟ್ಟಿ, ಮುಂದಿನದೂ ಅಲ್ಲಿಗೇ ಎಂಬಂತೆ ಬ್ಯಾಟಿನಿಂದ ತೋರಿಸಿದರು. ಮುಂದಿನ ಎಸೆತ ಸ್ಟಂಪು ಉರುಳಿಸಿತು. ಈ ದೃಶ್ಯ ನಿಮಗೆಲ್ಲ ಗೊತ್ತು. ಆದರೆ ಬೌಲಿಂಗಿನ ಬೆಲೆ ಕಟ್ಟುವವರು ಆ ಒಂದು ಎಸೆತಕ್ಕೇ ನಿಲ್ಲಬಾರದು. 113ಕ್ಕೆ ಸೊಹೈಲ್, 122ಕ್ಕೆ ಇಜಾಜ್, 132ಕ್ಕೆ ಇಂಜಮಾಮ್. ಮೂರೂ ಪ್ರಸಾದರವು, 19 ರನ್ನುಗಳ ಅಂತರದಲ್ಲಿ.

ಪ್ರಸಾದ್ ಕೊಟ್ಟದ್ದು 10 ಓವರಿಗೆ 45, ಶ್ರೀನಾಥ್ 9 ಓವರಿಗೆ 61. ನಿಧಾನಗತಿಯ ದಂಡದಿಂದ 49 ಓವರಿಗೆ ಇಳಿದಿದ್ದ ಪಾಕಿಸ್ತಾನಕ್ಕೆ ಓವರಿಗೆ ಸುಮಾರು 5.9 ರನ್ ಬೇಕಿತ್ತು. ಆ ತಕ್ಕಡಿಯಲ್ಲಿ ಪ್ರಸಾದ್ ತಾವು ಹಾಕಿದ ಓವರುಗಳಲ್ಲೇ ಸುಮಾರು 14 ರನ್ ಉಳಿಸಿಕೊಟ್ಟರು. ಶ್ರೀನಾಥ್ ಕಳೆದದ್ದು ಸುಮಾರು 8; ಆದರೆ 84ರ ಜೊತೆಯಾಟ ಮುರಿದದ್ದನ್ನು ಯಾವ ಅಂಕಣದಲ್ಲಿ ಬರೆಯುತ್ತೀರಿ?

ಅಮೆರಿಕದ ಬೇಸ್‌ಬಾಲಿನಲ್ಲಿ ಕ್ಷೇತ್ರರಕ್ಷಕನ ತಪ್ಪಿನಿಂದ ಬಂದ ರನ್ನನ್ನು ಎಸೆತಗಾರನ ಸರಾಸರಿಗೆ ಸೇರಿಸುವುದಿಲ್ಲ. ನಮ್ಮ ಸ್ಕೋರು ಪಟ್ಟಿಗೆ ಅಷ್ಟು ಕರುಣೆಯಿಲ್ಲ. ಕ್ಯಾಚ್ ಕೈಬಿಟ್ಟ ಮೇಲೆ ಬರುವ ರನ್ನೆಲ್ಲ ಬೌಲರನ ತಲೆಗೇ.

ನಾಲ್ಕು ದಿನಗಳ ನಂತರ, ಕಲ್ಕತ್ತೆಯ ಸೆಮಿಫೈನಲ್ಲಿನಲ್ಲಿ, ಇದೇ ಶ್ರೀನಾಥ್ ಮೊದಲ ಓವರಿನಲ್ಲೇ ಶ್ರೀಲಂಕಾದ ಕಲುವಿತರಣ, ಜಯಸೂರ್ಯ ಇಬ್ಬರನ್ನೂ ಕಳಿಸಿ, ಒಟ್ಟು 34 ರನ್ನಿಗೆ 3 ವಿಕೆಟ್ ಪಡೆದರು. ಭಾರತ ಸೋತಿತು.