ಮೋಟು ದಾಂಡು

ಗವಿಪುರಂನಲ್ಲಿ ಬೆಳೆದ ನನಗೆ ಕೋಲಿನ ಆಟವೆಂದರೆ ಚಿಣ್ಣಿದಾಂಡು. ಹರಿಹರೇಶ್ವರನ ಗುಡ್ಡದ ಬುಡದಲ್ಲಿ ಉದ್ದದ ದಾಂಡಿಗಾಗಿ ಅಣ್ಣಂದಿರಲ್ಲಿ ಜಗಳವೇ ಆಗುತ್ತಿತ್ತು. ನನ್ನ ಪಾಲಿಗೆ ಬರುತ್ತಿದ್ದುದು ಮೋಟು ದಾಂಡು. ನಾನು ಸ್ವಲ್ಪ ದೊಡ್ಡವಳಾಗುತ್ತಲೇ ಅಮ್ಮ ಅದನ್ನೂ ಬಚ್ಚಲ ಒಲೆಗೆ ಹಾಕಿದಳು.

ಗಾಲ್ಫ್ ಆಟವನ್ನು ಮೊದಲು ಕಂಡದ್ದು ಹೈಗ್ರೌಂಡ್ಸ್ ಕಡೆ ಹೋಗುವ ಬಸ್ಸಿನ ಕಿಟಕಿಯಿಂದ. ಅಲ್ಲಿನ ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಲ್ಲಿ ಬ್ರಿಟಿಷರ ಕಾಲದಲ್ಲಿ ಹುಟ್ಟಿದ್ದು. ಒಬ್ಬ ಆಡುವುದಕ್ಕೆ ಚೀಲದ ತುಂಬ ಕೋಲುಗಳೇಕೆ ಎಂದು ನನಗೆ ಆಶ್ಚರ್ಯ. ನಮ್ಮ ಅಡುಗೆಮನೆಯ ಸೌಟುಗಳನ್ನು ಎಣಿಸಿದರೆ ಈ ಪ್ರಶ್ನೆ ಬರುತ್ತಿರಲಿಲ್ಲವೇನೋ! ಹಿಂದೆ ಆ ಕೋಲುಗಳಿಗೆ ಬ್ರಾಸಿ, ಮ್ಯಾಶಿ, ನಿಬ್ಲಿಕ್ ಎಂದೆಲ್ಲ ಹೆಸರಿತ್ತು. ಒಂದರ ಹೆಸರು ಸ್ಪೂನ್. ಚೀಲ ಉಬ್ಬುತ್ತಾ ಹೋಗಿ, ಕೊನೆಗೆ 1938ರಲ್ಲಿ ಅಮೆರಿಕದವರೂ ಮರುವರ್ಷ ಬ್ರಿಟನ್ನಿನವರೂ ಹದಿನಾಲ್ಕೇ ಸಾಕು ಎಂದು ಗೆರೆ ಎಳೆದರು. ಟೀ ಎಂದರೆ ಕುಡಿಯುವುದಲ್ಲ, ಮೊದಲ ಏಟಿಗೆ ಚೆಂಡು ಕೂರಿಸುವ ಪೀಠ. ಒಂದು ಕಾಲಕ್ಕೆ ಅದು ಒಂದು ಚಿಟಿಕೆ ಒದ್ದೆ ಮರಳಿನ ಗುಪ್ಪೆ, ಅಷ್ಟೆ.

ಆ ಪೀಠದ ಮುಂದೆ ನಿಂತಾಗ ಎಲ್ಲರ ಕೈಯೂ ಡ್ರೈವರಿಗೇ ಹೋಗುತ್ತದೆ. ಚೀಲದಲ್ಲಿ ಅತ್ಯಂತ ಉದ್ದದ ಕೋಲು, ಮುಖ ಹೆಚ್ಚುಕಡಿಮೆ ನೆಟ್ಟಗೆ, ಹತ್ತು ಡಿಗ್ರಿಯ ಆಸುಪಾಸಿನ ಓರೆ. ಚೆಂಡು ಬಲು ದೂರ ಹೋಗುತ್ತದೆ, ನಿಜ. ಆದರೆ ಹೊಡೆಯುವಾಗ ಕೂದಲೆಳೆಯಷ್ಟು ತಪ್ಪಿದರೂ ಅಷ್ಟು ದೂರ ಹೋಗುವ ಹೊತ್ತಿಗೆ ಚೆಂಡು ಮರಗಳ ನಡುವೆ ಇರುತ್ತದೆ. ದಾರಿ ಕಿರಿದಾದ ಕಡೆ, ಚೆಂಡು ಬೀಳುವ ದೂರದಲ್ಲೇ ಕೊಳವಿರುವ ಕಡೆ, ತಿಳಿದವರು ಹದಿನೈದು ಡಿಗ್ರಿ ಓರೆಯ ಮೂರನೇ ನಂಬರಿನ ವುಡ್ ಅನ್ನೋ ಕಬ್ಬಿಣದ ಕೋಲನ್ನೋ ಎತ್ತಿಕೊಳ್ಳುತ್ತಾರೆ. ಎರಡನೆಯ ಏಟನ್ನು ಎಲ್ಲಿಂದ ಹೊಡೆಯಬೇಕು ಎಂಬುದನ್ನು ಮೊದಲ ಏಟಿಗೆ ಮುಂಚೆಯೇ ಲೆಕ್ಕ ಹಾಕಿರುತ್ತಾರೆ.

ಇದೆಲ್ಲ ನನಗೆ ತಲೆಗೆ ಹತ್ತಿದ್ದು 2021ರ ಆಗಸ್ಟ್ 7ರ ಬೆಳಗಿನಲ್ಲಿ. ಗವಿ ಗಂಗಾಧರೇಶ್ವರನಿಗೆ ಕೂತಲ್ಲಿಂದಲೇ ಕೈಮುಗಿದು ಟಿ.ವಿ. ಹಾಕಿದ್ದೆ. ಟೋಕಿಯೋ ಒಲಿಂಪಿಕ್ಸಿನ ಕೊನೆಯ ಸುತ್ತು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಎರಡನೆಯ ಸ್ಥಾನದಲ್ಲಿ! ಚೀಲ ಹೊತ್ತು ಜೊತೆಗೆ ನಡೆಯುತ್ತಿದ್ದವರು ಆಕೆಯ ತಾಯಿ. ಆ ವರ್ಷ ಕೋವಿಡ್ ಬಂದು ಹೋಗಿ ಅದಿತಿಯ ತ್ರಾಣ ಕುಗ್ಗಿತ್ತು. ಜೊತೆಯಲ್ಲಿ ಆಡುತ್ತಿದ್ದ ನೆಲ್ಲಿ ಕೋರ್ಡಾಳ ಚೆಂಡು ಎಷ್ಟೋ ಗಜ ಮುಂದೆ ಬೀಳುತ್ತಿತ್ತು. ಸಣ್ಣ ಕೋಲು ಆರಿಸುವ ಐಷಾರಾಮ ಈಕೆಗಿರಲಿಲ್ಲ. ಡ್ರೈವರಿನಲ್ಲಿ ತನಗೆ ಎಟುಕಿದಷ್ಟೇ ದೂರ ಹೊಡೆದಳು. ಉಳಿದವರು ಪುಟ್ಟ ಕಬ್ಬಿಣದ ಕೋಲು ತೆಗೆಯುವಲ್ಲಿ ಈಕೆ ಮತ್ತೆ ಉದ್ದದ ಕೋಲನ್ನೇ ಹಿಡಿದಳು. ಅವಸರವಿಲ್ಲ, ಹಟವಿಲ್ಲ. ನನ್ನ ಕಾಫಿ ಆರಿ ಕೆನೆಗಟ್ಟಿತು. ನಡುವೆ ಮಳೆ ಬಂದು ಆಟ ನಿಂತಿತು, ಮತ್ತೆ ಶುರುವಾಯಿತು. ಹದಿನೆಂಟನೆಯ ಗುಳಿಯ ಬಳಿ ದೂರದಿಂದ ತಳ್ಳಿದ ಚೆಂಡು ಒಳಗೆ ಬೀಳಲಿಲ್ಲ. ಒಂದೇ ಏಟಿನಲ್ಲಿ ಕಂಚು ತಪ್ಪಿ ಅದಿತಿ ನಾಲ್ಕನೆಯವಳಾದಳು.

ಅಷ್ಟರಲ್ಲಿ ಅಣ್ಣನ ಫೋನು. "ಇನ್ನಷ್ಟು ಉದ್ದ ಹೊಡೆದಿದ್ರೆ ಪದಕ ಬರ್ತಿತ್ತು ಕಣೇ" ಎಂದ.

"ನನ್ನ ಮೋಟು ದಾಂಡು ನೆನಪಿದ್ಯಾ ಅಣ್ಣಾ? ಚಿಣ್ಣಿ ನೆಟ್ಟಗೆ ಹೋಗ್ತಿದ್ದಿದ್ದು ನಂದೊಂದೇ."

"ಯಾವಾಗ್ ಹೋಗಿತ್ತು, ಸುಮ್ನಿರು" ಎಂದು ಫೋನಿಟ್ಟ.