ಶಿಕ್ಷಕ ತರಬೇತಿ: ಊರ ಸಮೀಪವೋ, ವಿದೇಶವೋ?

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂತಹ ಹೋಬಳಿಯಲ್ಲಿ ಪದವಿ ಮುಗಿಸಿ ಶಿಕ್ಷಕರಾಗಬಯಸುವವರಿಗೆ ಶಿವಮೊಗ್ಗ, ದಾವಣಗೆರೆಗಳಲ್ಲೇ ಬಿ.ಇಡಿ. ಕಾಲೇಜುಗಳಿವೆ. ಕೆಲವರನ್ನು ವಿದೇಶದ ತರಬೇತಿಯೂ ಸೆಳೆಯುತ್ತಿದೆ. ಆಯ್ಕೆಗೆ ಮುನ್ನ ನಿರ್ಧರಿಸಬೇಕಾದುದು ಒಂದೇ: ಮುಂದೆ ಪಾಠ ಹೇಳುವುದು ಎಲ್ಲಿ?

ಅವಧಿ: ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿಯು ಬಿ.ಇಡಿ. ಅವಧಿಯನ್ನು ಎರಡು ವರ್ಷಕ್ಕೆ ಏರಿಸಿತು. ಇದರಲ್ಲಿ 20 ವಾರಗಳ ಶಾಲಾ ತರಬೇತಿ ಸೇರಿದೆ. ಇಂಗ್ಲೆಂಡಿನ ಪಿಜಿಸಿಇ ಸಾಮಾನ್ಯವಾಗಿ ಒಂದೇ ವರ್ಷದ್ದು. ಆದರೆ ಕನ್ನಡ ಮಾಧ್ಯಮದ ತರಗತಿಯಲ್ಲಿ ನಿಂತು ಬೋಧಿಸುವ ಅಭ್ಯಾಸ ಅಲ್ಲಿ ದೊರೆಯದು.

ಮಾನ್ಯತೆ: ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ನೇಮಕಗೊಳ್ಳಲು ಎನ್‌ಸಿಟಿಇ ಮಾನ್ಯತೆ ಪಡೆದ ತರಬೇತಿ ಬೇಕು. 1ರಿಂದ 8ನೇ ತರಗತಿಗೆ ಟಿಇಟಿ ಅರ್ಹತೆಯೂ ಅಗತ್ಯ. 1ರಿಂದ 5ನೇ ತರಗತಿಗೆ ಬಿ.ಇಡಿ. ಅರ್ಹತೆಯಾಗದೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪಿತ್ತಿದೆ. ಆ ತರಗತಿಗಳಿಗೆ ಡಿ.ಇಎಲ್.ಇಡಿ. ಓದಬೇಕು. ವಿದೇಶಿ ಪ್ರಮಾಣಪತ್ರಕ್ಕೆ ಇಲ್ಲಿ ತತ್ಸಮಾನತೆ ಸಿಗದಿದ್ದರೆ ಸಾಲ ಮಾಡಿ ಓದಿದ ವರ್ಷ ನೇಮಕಾತಿಯ ಲೆಕ್ಕಕ್ಕೆ ಬಾರದು. ಆದ್ದರಿಂದ ಶುಲ್ಕ ಕಟ್ಟುವ ಮುನ್ನವೇ ವಿಚಾರಿಸುವುದು ಕ್ಷೇಮ.

ಮೂರನೆಯ ದಾರಿ: ಗಣಿತ, ವಿಜ್ಞಾನ ಅಥವಾ ಭಾಷೆಗಳನ್ನು 11ರಿಂದ 16 ವರ್ಷದ ಮಕ್ಕಳಿಗೆ ಬೋಧಿಸುವ ಅರ್ಹತೆಯುಳ್ಳ ಭಾರತದ ಶಿಕ್ಷಕರು ಅಲ್ಲಿನ ‘ಅರ್ಹ ಶಿಕ್ಷಕ’ ಮಾನ್ಯತೆಗೆ ನೇರವಾಗಿ ಅರ್ಜಿ ಸಲ್ಲಿಸಲು ಇಂಗ್ಲೆಂಡ್ 2023ರ ಫೆಬ್ರುವರಿಯಲ್ಲಿ ಅವಕಾಶ ಕಲ್ಪಿಸಿತು. ಪದವಿ, ತರಬೇತಿ, ಬೋಧನಾನುಭವದ ಷರತ್ತುಗಳಿವೆ.

ಹೀಗಾಗಿ ಇಲ್ಲಿ ಓದಿ, ಕೆಲಕಾಲ ದುಡಿದು ಹೊರಡುವವರಿಗೆ ಎರಡೂ ಕಡೆ ಬಾಗಿಲು ತೆರೆದಿರುತ್ತದೆ. ಅಲ್ಲಿ ಓದಿ ಊರ ಶಾಲೆಗೆ ಮರಳುವ ಹಾದಿ ಅಷ್ಟು ಸಲೀಸಲ್ಲ.