ಕಾಗದ ಓದುವವರು

ನಾನು ಆಪರೇಷನ್ ಥಿಯೇಟರಿನ (ಓಟಿ) ಸಿಸ್ಟರ್ ಎಂದು ತಿಳಿದರೆ ಕುವೈತಿನ ಸುಲೈಬಿಯಾದಲ್ಲಿರುವ ನಮ್ಮೂರಿನವರು ಕೇಳುವುದು ಒಂದೇ: "ಅಕ್ಕಾ, ಡಾಕ್ಟ್ರು ಕಾಗದ ನೋಡ್ಕೊಂಡು ಆಪರೇಷನ್ ಮಾಡ್ತಾರಂತೆ, ಹೌದಾ?" ಕಾಗದ ನೋಡುವವರು ನಾವು. ಆ ಕಾಗದ ಹುಟ್ಟಿದ್ದು ಆಸ್ಪತ್ರೆಯಲ್ಲೂ ಅಲ್ಲ.

1935ರ ಅಕ್ಟೋಬರ್‌ನಲ್ಲಿ ಅಮೆರಿಕದ ಡೇಟನ್‌ನಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ಮೇಲೇರಿದ ಕೂಡಲೇ ಬಿದ್ದು ಉರಿಯಿತು. ಪೈಲಟ್ ಪ್ಲಾಯರ್ ಹಿಲ್ ಪಳಗಿದ ಕೈ. ಆದರೆ ನಿಯಂತ್ರಣ ಫಲಕಗಳ ಬೀಗ ತೆಗೆದಿರಲಿಲ್ಲ. ಆಮೇಲೆ ಪೈಲಟ್‌ಗಳು ಚೆಕ್‌ಲಿಸ್ಟ್ ಹಿಡಿದರು. ಥಿಯೇಟರಿನವರು ಎಚ್ಚೆತ್ತದ್ದು ತಡವಾಗಿ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಪಟ್ಟಿ ಬಂದದ್ದು 2008ರಲ್ಲಿ. ದೆಹಲಿ, ಅಮ್ಮಾನ್ ಸೇರಿ 8 ನಗರಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು.

ಅದು ದಿನನಿತ್ಯದ ಪಟ್ಟಿ. ತುರ್ತಿನ ಕಥೆ ಬೇರೆ. ಮೆಲ್ಬರ್ನ್‌ನಲ್ಲಿ ಕಾಲು ಮುರಿದು ಬಂದ 21ರ ಯುವಕನೊಬ್ಬ ಮುರಿದ ಕಾಲಿಗಿಂತ ಈಥರಿಗೇ ಹೆದರಿದ್ದ. ಅವನ ನೆಂಟರಲ್ಲಿ ಹತ್ತು ಮಂದಿ ಅರಿವಳಿಕೆಯಲ್ಲಿ ಸತ್ತಿದ್ದರು. ಆತ ಬದುಕಿದ. ಡೆನ್‌ಬರೋ ಮತ್ತು ಲವೆಲ್ ಎಂಬ ವೈದ್ಯರು 1960ರಲ್ಲಿ ಇದನ್ನು ಬರೆದ ಮೇಲೆ ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಜಗತ್ತಿಗೆ ಗೊತ್ತಾಯಿತು: ಸ್ನಾಯು ಸೆಟೆದು, ಮೈ ಕೆಂಡವಾಗಿ, ಹೃದಯ ನಿಲ್ಲುವ ಸ್ಥಿತಿ. ಮದ್ದು ಡ್ಯಾಂಟ್ರೋಲಿನ್. ಹಳೆಯ ಬಗೆಯ ವಯಲ್‌ನಲ್ಲಿ ಬರೀ 20 ಮಿಲಿಗ್ರಾಂ. ಪ್ರತಿಯೊಂದಕ್ಕೂ 60 ಮಿಲಿಲೀಟರ್ ನೀರು ಹಾಕಿ ಕುಲುಕಬೇಕು. 70 ಕಿಲೋ ತೂಕದವರಿಗೆ ಮೊದಲ ಡೋಸಿಗೇ ಒಂಬತ್ತು ವಯಲ್! ಆ ನಡುವೆ ಗ್ಯಾಸ್ ನಿಲ್ಲಿಸಬೇಕು, ಐಸ್ ತರಿಸಬೇಕು, ರಕ್ತ ಪರೀಕ್ಷೆಗೆ ಕಳಿಸಬೇಕು. ಎಂತಹ ಜಾಣನ ತಲೆಯೂ ಅಲ್ಲಿ ಒಂದಿಲ್ಲೊಂದನ್ನು ಬಿಟ್ಟೇ ಬಿಡುತ್ತದೆ.

ಎಷ್ಟು ಬಿಡುತ್ತದೆ ಎಂಬುದಕ್ಕೆ ಬಾಸ್ಟನ್ನಿನ ಸಂಶೋಧಕರು 2013ರಲ್ಲಿ ಲೆಕ್ಕ ಕೊಟ್ಟರು. ಹದಿನೇಳು ತಂಡಗಳಿಗೆ ಅಣಕು ಥಿಯೇಟರಿನಲ್ಲಿ ಇಂಥ ಸಂಕಟಗಳನ್ನು ಒಡ್ಡಿದರು. ತುರ್ತಿನ ಪಟ್ಟಿ ಕೈಯಲ್ಲಿ ಇಲ್ಲದಾಗ ಮಾಡಬೇಕಾದ ಕೆಲಸಗಳಲ್ಲಿ ನೂರಕ್ಕೆ 23 ತಪ್ಪಿಹೋದವು, ಇದ್ದಾಗ 6.

ಹಿರಿಯ ಸರ್ಜನ್‌ಗಳಿಗೆ ಹೀಗೆ ಪಟ್ಟಿಯಂತೆ ನಡೆಯುವುದು ಅವಮಾನವೆನಿಸುವುದುಂಟು, ಇರಲಿ. ಕುವೈತಿನ ಥಿಯೇಟರಿನಲ್ಲಿ ಸರ್ಜನ್ ಈಜಿಪ್ಟಿನವರು, ಅರಿವಳಿಕೆಯವರು ಸಿರಿಯಾದವರು, ನರ್ಸ್‌ಗಳು ಕೇರಳ, ಫಿಲಿಪ್ಪೀನ್ಸ್, ನಮ್ಮ ಉಡುಪಿಯವರು ಇರಬಹುದು. ಗಾಬರಿಯಲ್ಲಿ ಎಲ್ಲರ ಬಾಯಿಗೂ ಅವರವರ ಭಾಷೆಯೇ ಬರುತ್ತದೆ. ಗೋಡೆಗೆ ನೇತುಹಾಕಿದ ಕಾಗದದಿಂದ ಆಗ ಏನೂ ಆಗದು. ಬೇರೆ ಯಾವ ಕೆಲಸಕ್ಕೂ ಕೈಹಾಕದ ಒಬ್ಬರು ಅದನ್ನು ಗಟ್ಟಿಯಾಗಿ ಓದಬೇಕು, "ಆಯ್ತು" ಎಂಬ ಉತ್ತರ ಬರುವವರೆಗೆ ಮುಂದಿನ ಸಾಲಿಗೆ ಹೋಗಬಾರದು. ಆ ಕೆಲಸವನ್ನು ಅತಿ ಕಿರಿಯ ಸಿಸ್ಟರಿಗೇ ಕೊಡಬೇಕೆಂಬುದು ನನ್ನ ವಾದ. ವಯಲ್ ಕುಲುಕುವುದಕ್ಕೆ ನಮ್ಮಂಥ ಹಳಬರ ಕೈ ಇದ್ದೇ ಇದೆ.